ಎಂಟು ಜನಕ್ಕೆ ಮಾತ್ರ

ಲಾರಿ ಸೇತುವೆಯ ನಟ್ಟನಡುವೆ ನಿಂತುಬಿಡುತ್ತದೆ, ದಿನಾ.
ಹಿಂದೆ ಇಪ್ಪತ್ತು ಟನ್ ಟೊಮ್ಯಾಟೊ,
ಮುಂದೆ ಪೋಲೆಂಡಿನ ಗಡಿ,
ಪರದೆಯ ಮೇಲಿನ ಮಳೆಹನಿ ಕೂಡ ಅರ್ಧಕ್ಕೇ ನೇತಾಡುತ್ತದೆ.
ಡಬ್ಬಿಯೊಳಗಿನ ಫ್ಯಾನು ಮಾತ್ರ ಏದುಸಿರು ಬಿಡುತ್ತದೆ,
ಏರು ಹತ್ತಿದ ಮುದಿ ಕತ್ತೆಯ ಹಾಗೆ.

ನನಗೆ ಅರವತ್ತೊಂದು, ಇದಕ್ಕೆ ಹದಿಮೂರು.
ಇಬ್ಬರಲ್ಲಿ ಯಾರು ಹೆಚ್ಚು ಹಳಬರು ಅಂತ
ನನ್ನ ಗಂಡ ಓತಾರಿಯನ್ನು ಕೇಳಬೇಡಿ.

ಚಿಯಾತುರಾದಲ್ಲಿ ಇಪ್ಪತ್ತೆಂಟು ವರ್ಷ
ಕಣಿವೆಯ ಮೇಲೆ ಕೇಬಲ್ ಕಾರು ನಡೆಸಿದವಳು ನಾನು.
ಕಾರಲ್ಲ ಅದು, ತಂತಿಗೆ ಕಟ್ಟಿದ ತಗಡಿನ ತೊಟ್ಟಿಲು.
ಕೆಳಗೆ ಕ್ವಿರಿಲಾ ಹೊಳೆ,
ಮ್ಯಾಂಗನೀಸು ತೊಳೆದೂ ತೊಳೆದೂ ತಾನೇ ಕಪ್ಪಾದದ್ದು.
ಬಾಗಿಲ ಮೇಲೆ ಕೆಂಪಕ್ಷರ: ಎಂಟು ಜನಕ್ಕೆ ಮಾತ್ರ.
ನಡುದಾರಿಯಲ್ಲಿ ನಿಲ್ಲುವುದೆಂದರೆ ಏನೆಂದು
ನನಗೆ ಯಾರೂ ಹೇಳಿಕೊಡಬೇಕಿಲ್ಲ.
ಒಮ್ಮೆ ಕರೆಂಟು ಹೋಗಿ ನಲವತ್ತು ನಿಮಿಷ ತೂಗಿದೆವು;
ಗಣಿಯವನೊಬ್ಬ ಬುತ್ತಿ ಬಿಚ್ಚಿ
ಬೀನ್ಸ್ ಕಾಳಿನ ರೊಟ್ಟಿಯನ್ನು ಎಂಟು ಪಾಲು ಮಾಡಿದ.

ಜಾಗ ಮಾಡಿಕೊಟ್ಟರೆ ಲಾರಿ ಓಡೀತು, ಅಂದುಕೊಂಡೆ.
ಫೋಟೋ ಅಳಿಸಿದೆ.
ತೊಟ್ಟಿಲನ್ನು ಇಳಿಸಿ ತುಕ್ಕಿಗೆ ಒಪ್ಪಿಸಿದ ಆ ಕೊನೆಯ ದಿನದವು,
ಮುನ್ನೂರ ಹನ್ನೆರಡು. ಅದೇ ತಂತಿ, ಅದೇ ಮಂಜು.
ಆಮೇಲೂ ಲಾರಿ ಸೇತುವೆಯ ಮೇಲೇ.

ಮೂರನೇ ಮಹಡಿಯ ರಾತಿ ಬಂದ. ಹದಿನಾಲ್ಕರ ಹುಡುಗ,
ಮೂಗಿನಡಿ ಮೀಸೆಯ ಸುಳಿವು, ಮಾತಿಗೆ ಡಾಕ್ಟರ ಗತ್ತು.
ಡಬ್ಬಿ ಬಿಚ್ಚಿದರೆ ಒಳಗೆ ನಮ್ಮೂರೇ ಇತ್ತು, ಕಪ್ಪು ಧೂಳು.
ಹಸಿರು ಪಟ್ಟಿಯೊಂದನ್ನು ಕಿತ್ತು
ಅದರ ಚಿನ್ನದ ಹಲ್ಲುಗಳನ್ನು
ಶಾಲೆಯ ರಬ್ಬರಿನಿಂದ ಉಜ್ಜಿದ, ಊದಿದ, ಮತ್ತೆ ಕಚ್ಚಿಸಿದ.
'ನಾಜಿ ಅಜ್ಜಿ, ಫೋಟೋ ಯಾಕೆ ಅಳಿಸಿದಿರಿ?
ಅವು ಮಲಗಿರುತ್ತವೆ. ಮಲಗಿದವು ಮೆಮೊರಿ ತಿನ್ನುವುದಿಲ್ಲ.
ತಿನ್ನುವುದು ಎದ್ದು ಕೂತವು.'

ಪಟ್ಟಿ ತೆರೆದ. ಅಯ್ಯೋ, ಎಷ್ಟು ಜನ!
ಒಬ್ಬರಿಗೂ ನಾನು ಟಿಕೆಟ್ ಹರಿದಿಲ್ಲ.
ಎಂದೋ ಮಾರಿಬಿಟ್ಟ ಪ್ರಿಂಟರಿಗಾಗಿ ಇನ್ನೂ ಕಾದಿರುವವನು,
ಒಬ್ಬರ ಮೇಲೊಬ್ಬರಿಗೆ ಗುಮಾನಿ ಹತ್ತಿ
ಹಗಲೂ ರಾತ್ರಿ ಪಹರೆ ತಿರುಗುವ ಇಬ್ಬರು ವೈರಸ್ ಕಾವಲುಗಾರರು,
ಹೊಸದೇನಾದರೂ ಬಂತೇ ಎಂದು ಗಳಿಗೆಗೊಮ್ಮೆ ಕದ ಬಡಿಯುವವನು.
ಮುಚ್ಚಿದೆನೆಂದೇ ನಂಬಿದ್ದ ಬ್ರೌಸರ್, ಒಳಗೆ ಹದಿನೇಳು ಕಿಟಕಿ,
ಎಲ್ಲದರಲ್ಲೂ ಮಂಡಿನೋವಿನ ಔಷಧ.

ಇದು ನನಗೆ ಬರುವ ಕೆಲಸ.
'ಇಳಿ' ಅಂದೆ. ರಾತಿ ಒತ್ತಿದ.
'ನೀನೂ ಇಳಿ. ಮುಂದಿನದರಲ್ಲಿ ಬಾ.'
ಮುಂದಿನದು ಇಲ್ಲವೆಂದು ಅವಕ್ಕೇನು ಗೊತ್ತು.

ಕೊನೆಗೆ ಮೂಲೆಯಲ್ಲೊಂದು ಸಣ್ಣ ಸೂರ್ಯ:
ಪೋತಿಯ ಕಡಲು, ಅಲೆಯ ಎತ್ತರ, ಗಾಳಿಯ ದಿಕ್ಕು.
ಓತಾರಿ ಹಾಕಿಸಿಕೊಂಡದ್ದು.
ಮೀನು ಹಿಡಿಯಲು ಅಲ್ಲಿಗೆ ಹೋದದ್ದು ಎರಡೇ ಸಲ,
ಹಿಡಿದು ತಂದದ್ದು ನೆಗಡಿ.
ಆದರೂ ಬೆಳಿಗ್ಗೆ ಹಲ್ಲುಜ್ಜುತ್ತಲೇ ಬಂದು ಬಗ್ಗಿ ನೋಡುತ್ತಾನೆ.
'ಅಲ್ಲಿ ಇವತ್ತು ಅಲೆ ಜೋರು' ಅನ್ನುತ್ತಾನೆ,
ನೆಂಟರ ಮನೆಯ ಸುದ್ದಿ ಹೇಳುವ ಹಾಗೆ.

'ಇದನ್ನು?' ರಾತಿಯ ಬೆರಳು ಕಾಯುತ್ತಿತ್ತು.
ಪಕ್ಕದ ಕೋಣೆಯಿಂದ ಗೊರಕೆ.

ಎಂಟು ಅಂದರೆ ಎಂಟೇ ಅಲ್ಲ, ಮಗು.
ಬಾಗಿಲು ಎಳೆಯುವ ಹೊತ್ತಿಗೆ
ಕಂಕುಳಲ್ಲಿ ಕೋಳಿ ಅವುಚಿಕೊಂಡು
ಬಡಕಲು ಮುದುಕಿಯೊಬ್ಬಳು ಓಡಿ ಬಂದರೆ
ನಾನು ಹೊಳೆಯ ಕಡೆ ನೋಡುತ್ತಿದ್ದೆ.
ಕೋಳಿಗೆಷ್ಟು ತೂಕ.

'ಅದು ಇರಲಿ.'

ಲಾರಿ ಹೊರಟಿತು. ಸೇತುವೆಯ ಮೇಲೆ ಒಂದು ಸಲ ಬಿಕ್ಕಿತು,
ನನ್ನ ಕೈ ಇಲ್ಲದ ಬ್ರೇಕಿಗೆ ತಡಕಾಡಿತು.
ದಾಟಿತು.
ಟೊಮ್ಯಾಟೊ ಒಂದೂ ಉರುಳಲಿಲ್ಲ.

ದಾರಕ್ಕೆ ಪೋಣಿಸಿದ ಅಕ್ರೋಟಿನ ಮಿಠಾಯಿ ಕಚ್ಚುತ್ತ
ಮೆಟ್ಟಿಲಿಳಿಯುವವನು ತಿರುಗಿ ಹೇಳಿದ:
'ಫೋಟೋಗಳು ಕಸದ ಬುಟ್ಟಿಯಲ್ಲೇ ಇವೆ, ಅಜ್ಜಿ.
ಬುಟ್ಟಿ ಇನ್ನೂ ಚೆಲ್ಲಿಲ್ಲ.'

ನಾಳೆ ಎತ್ತಿಕೊಳ್ಳುತ್ತೇನೆ.
ಬೆಳಗಾಗುವುದರೊಳಗೆ ಪೋಲೆಂಡ್ ಮುಟ್ಟಬೇಕು.