ಷರಾ ಕಲಂ

ಸರ್ವೆ ನಂಬರು ನೂರ ಹದಿನೇಳು.
ದುರ್ಗದಿಂದ ಆರು ಮೈಲಿ, ಹೈವೇ ಬಿಟ್ಟು ಎಡಕ್ಕೆ.
ಎಂಬತ್ತೆರಡು ಎಕರೆ ಹದಿಮೂರು ಗುಂಟೆ.
ಪಹಣಿಯಲ್ಲಿ ಇಡೀ ಗುಡ್ಡಕ್ಕೆ ಒಂದೇ ಮಾತು:
ಖರಾಬು.

ಬರೆದವನು ಯಾವ ಕಾಲದವನೋ,
ಬಿಸಿಲಿಗೆ ಹೆದರಿ ಬುಡದ ಹುಣಸೆ ನೆರಳಲ್ಲೇ
ಕೂತು ಬರೆದನೋ.
ನಾನಂತೂ ಮೂರು ದಿನದಿಂದ ಹತ್ತಿ ಇಳಿಯುತ್ತಿದ್ದೇನೆ,
ಹೆಗಲಿಗೆ ಯಂತ್ರ, ಹಿಂದೆ ಸುಣ್ಣದ ಡಬ್ಬಿ ಹಿಡಿದ
ಸರಪಳಿ ಕಾಲದ ಗಾದ್ರಪ್ಪ.
ಲೇಔಟಿಗೆ ಗಡಿ ಗುರುತಾಗಬೇಕು, ಸೋಮವಾರದೊಳಗೆ.

ಬಾಂದುಕಲ್ಲು ಹುಡುಕಿದೆವು ಮೊದಲು.
ಸಿಕ್ಕಿದ್ದು ಬಂಡೆಯ ನೆತ್ತಿ,
ಅದರಲ್ಲಿ ಏಳು ಗುಳಿ, ಬೊಗಸೆಯಷ್ಟು,
ಕೈಯಾಡಿಸಿದರೆ ಹಳೆ ಒರಳಿನ ಹೊಟ್ಟೆಯ ನುಣುಪು.
‘ರಾಗಿಗಿಂತ ಮುಂಚಿನ ಕಾಳು ಕುಟ್ಟವ್ರೆ ಮೇಡಂ ಇಲ್ಲಿ’
ಅಂದವನೇ ಚಪ್ಪಲಿ ಬಿಟ್ಟ.
ಯಂತ್ರದ ಕಾಲನ್ನು ಮೂರಡಿ ಪಕ್ಕಕ್ಕೆ ಊರಿದೆ.
ನನ್ನ ಅಳತೆಯ ತಪ್ಪು ಅಲ್ಲಿಂದಲೇ ಶುರು.

ಎರಡನೇ ದಿನ ಹಂಚಿಹುಲ್ಲು ಕೊಯ್ಯುವ ಬೋರಕ್ಕ
ಪೂರ್ವದ ಇಳಿಜಾರಿಗೆ ನಮ್ಮನ್ನು ಬಿಡಲೇ ಇಲ್ಲ.
‘ಬೀಜ ಉದುರೋಗಂಟ ಕುಡುಗೋಲು ಕೂಡ ಅತ್ತ ಹೋಗಲ್ಲ,
ನಿಮ್ಮ ಕಾಲು ಯಾಕೆ ಹೋಗ್ತವೆ?’
ದೊಣೆಯ ದಾರಿ ಮಾತ್ರ ತೋರಿಸಿದಳು.
ಮಾರ್ಚಿ ತಿಂಗಳು, ಅಂಗೈ ಆಳದ ನೀರು,
ಸುತ್ತ ನವಿಲಿನ ಹೆಜ್ಜೆ, ಕೌಜುಗದ ಗೀರು,
ಬಾರೆ ಬೀಜ ತುಂಬಿದ ಕರಡಿಯ ಹಿಕ್ಕೆ, ಇನ್ನೂ ಹಸಿ.

ಅಲ್ಲೇ ಕಂಡಿತು, ಹೊರಗೆ ಕೆಂಪು ಒಳಗೆ ಕಪ್ಪು,
ಮಡಕೆಯ ಒಂದು ಚೂರು.
ಬ್ಯಾಗಿಗೆ ಹಾಕಿಕೊಳ್ಳುವವಳಿದ್ದೆ.
‘ಇದ್ದಲ್ಲಿದ್ರೆ ಸಾಕ್ಷಿ, ಜೇಬಿಗೆ ಬಂದ್ರೆ ಬೋಕಿ’
ಅಂದ ಗಾದ್ರಪ್ಪ, ಬೀಡಿ ಹಚ್ಚುವುದನ್ನು ಮರೆತು.
ಮೊದಲಿದ್ದ ಮಗ್ಗುಲಲ್ಲೇ ಮಲಗಿಸಿದೆ ಅದನ್ನು.

ಮೇಲೆ ನಿಂತರೆ ಊರು ಕಾಣುತ್ತದೆ:
ಕಪ್ಪು ನೀರಿನ ಟ್ಯಾಂಕುಗಳು, ದೂರದ ಗುಡ್ಡಗಳ ಮೇಲೆ
ಗಾಳಿ ಎಣಿಸುತ್ತ ನಿಂತ ರೆಕ್ಕೆಗಳು,
ಬುಡದಲ್ಲಿ ಆಗಲೇ ಬಂದು ಕೂತ ಹಳದಿ ಜೇಸಿಬಿ,
ಡ್ರೈವರು ಅದರ ನೆರಳಲ್ಲಿ ಸೀತಾಫಲದ ಗಿಡಕ್ಕೊರಗಿ ನಿದ್ದೆ.

ಹೇಳಿಬಿಡುತ್ತೇನೆ: ನಾನೂ ಅರ್ಜಿ ಹಾಕಿದ್ದೇನೆ
ಇದೇ ಲೇಔಟಿನಲ್ಲಿ ಒಂದು ಮೂವತ್ತು ನಲವತ್ತಕ್ಕೆ.
ಹದಿನಾಲ್ಕು ವರ್ಷ ಬಾಡಿಗೆ ಮನೆಯ ನಲ್ಲಿ ಕಾದವಳು.
ರಶೀದಿ ಇದೇ ಬ್ಯಾಗಿನಲ್ಲಿದೆ, ಊಟದ ಡಬ್ಬಿಯ ಕೆಳಗೆ.

ಮೂರನೇ ಸಂಜೆ ನಮೂನೆ ತುಂಬಿದೆ.
ಬೆಳೆ, ಇಲ್ಲ. ಕಟ್ಟಡ, ಇಲ್ಲ. ಬಾವಿ, ಇಲ್ಲ.
ಎಲ್ಲ ಇಲ್ಲಗಳೂ ನಿಜವೇ.
ಷರಾ ಕಲಂ ಒಂದು ಬೆರಳಿನಗಲ.
ಗುಳಿ ಏಳು, ದೊಣೆ ಒಂದು, ಎನ್ನುವಷ್ಟಕ್ಕೆ ತುಂಬಿತು;
ಬೋರಕ್ಕನ ಇಳಿಜಾರು ಎಲ್ಲಿ ಹಿಡಿಸಲಿ,
ಕರಡಿಯ ಮುಂದಿನ ವರ್ಷದ ಬಾರೆಗಿಡಗಳನ್ನು?

ಹಾಳೆ ಮಗುಚಿ ಬರೆದೆ, ಕತ್ತಲಾಗುವವರೆಗೆ.
ಮತ್ತೆ ಮುಂಬದಿಗೆ ಬಂದು, ಕಚೇರಿಯ ಪದ್ಧತಿಯಂತೆ,
ಮೂಲೆಯಲ್ಲಿ ಎರಡೇ ಪದ:
ಹಿಂದೆ ನೋಡಿ.

ಗಾದ್ರಪ್ಪ ಆಗಲೇ ಇಳಿಯುತ್ತಿದ್ದ,
ಸುಣ್ಣದ ಡಬ್ಬಿಯ ಮುಚ್ಚಳ
ಮೂರು ದಿನವೂ ತೆಗೆದಿರಲಿಲ್ಲ.
ಅದೀಗ ನೆನಪಾಯಿತು.
ನಾನೂ ಕೇಳಿರಲಿಲ್ಲ.