ಒತ್ತಿಗೆ ಹತ್ತು ಬೇರೆ

ಬಳೇಪೇಟೆಯ ಖುದ್ದೂಸ್ ಸಾಬರು ಫೋನಿನಲ್ಲೇ ರೇಟು ಹೇಳಿದ್ದರು:
ಅಕ್ಷರಕ್ಕೆ ಇಪ್ಪತ್ತು, ಒತ್ತಿಗೆ ಹತ್ತು ಬೇರೆ,
ಎಂಟಕ್ಕೆ ಬಾಗಿಲು ಹಾಕ್ತೀನಿ.
ಆಗ ಆರೂಕಾಲು. ಗಂಗಮ್ಮ ಸರ್ಕಲ್ಲಿನ ದರ್ಶಿನಿಯಲ್ಲಿ
ನಿಂತು ಕುಡಿಯುವ ಮೇಜು, ನಾಲ್ವರಿಗೆ ಎರಡು ಬೈಟು,
ನಡುವೆ ಹೆಸರಿಲ್ಲದ ಕಪ್ಪು.

ಬೇಸ್‌ಬಾಲು. ಹೌದು, ಜಾಲಹಳ್ಳಿಯಲ್ಲೇ. ಆರು ತಂಡ.
ಕ್ರಿಕೆಟ್ಟಿನವರು ಎದ್ದು ಬರುವ ತನಕ
ಮೈದಾನ ನಮ್ಮದು.

ಮಂದಣ್ಣ ಶುರು ಹಚ್ಚಿದರು: ಇಗ್ನೇಷಿಯಸ್.
ಪೀಣ್ಯದ ರಾತ್ರಿಪಾಳಿ ಮುಗಿಸಿ, ಬೂಟು ಬದಲಿಸಿ,
ನೇರ ಬಂದು ದಿಬ್ಬ ಹತ್ತುವ ಹುಡುಗ.
ಎಂಬತ್ತಮೂರು ಜನ ಅವನ ಎಸೆತಕ್ಕೆ
ಗಾಳಿ ಹೊಡೆದು ವಾಪಸಾಗಿದ್ದಾರೆ.
ಇದಕ್ಕಿಂತ ಏನು ಬೇಕ್ರೀ?

ತಿಪ್ಪೇಶ, ಅಂದರು ಖಜಾಂಚಿ ರೇವಣಸಿದ್ದಯ್ಯ.
ಏಳು ಸಲ ಚೆಂಡು ರಾಜಕಾಲುವೆ ದಾಟಿದೆ.
ನಾಲ್ಕು ಸಿಗಲೇ ಇಲ್ಲ, ಒಂದೊಂದಕ್ಕೆ ಆರುನೂರೈವತ್ತು.
ಆದರೂ ನನ್ನ ಓಟು ಅವನಿಗೇ ಅಂದರೆ ನೋಡಿ.

ಅಂಪೈರ್ ಫಿಲೋಮಿನಾ ಲೋಟ ಕೆಳಗಿಟ್ಟಳು.
ಚೌಡೇಶ.

ಯಾರು, ಆ ಹಿಂದೆ ಕೂತಿರ್ತಾನಲ್ಲ, ಅವನಾ?

ಹೌದು, ಕೂತಿರ್ತಾನೆ. ಕುಕ್ಕರಗಾಲಲ್ಲಿ.
ಒಂದು ಇನಿಂಗ್ಸು ನೀವು ಕೂತು ತೋರಿಸಿ, ಕಪ್ಪು ನಿಮಗೇ.
ಅಕ್ಕನ ಹೆರಿಗೆ ಅಂತ ಅವನು ವಾಣಿವಿಲಾಸದಲ್ಲಿದ್ದ ಭಾನುವಾರ
ಇದೇ ಇಗ್ನೇಷಿಯಸ್ಸಿನ ಹನ್ನೊಂದು ಚೆಂಡು
ಸೀದಾ ಬೇಲಿಗೆ ಹೋದವು, ಮರೆತಿರಾ?

ಬದಲಿಗೆ ಬಂದವನ ಪಾಪವನ್ನ
ಇವನ ಪುಣ್ಯದ ಖಾತೆಗೆ ಜಮಾ ಮಾಡ್ತೀಯೇನಮ್ಮಾ?

ಮತ್ತೆ ಬೆಲೆ ಅಂದರೆ ಇನ್ನೇನು ಸಾರ್?
ನೀರಿನ ಬೆಲೆ ಬೋರು ಕೆಟ್ಟ ದಿನ ತಾನೇ ಗೊತ್ತಾಗೋದು.
ಟ್ಯಾಂಕರಿನವನನ್ನ ಕೇಳಿ.

ನಾನು ಸ್ಕೋರರ್. ನನಗೆ ಓಟಿಲ್ಲ.
ಚಿಕ್ಕಂದಿನಲ್ಲಿ ತಮ್ಮನನ್ನು ಕಣ್ಣಾಮುಚ್ಚಾಲೆಗೆ ಸೇರಿಸಿಕೊಳ್ಳುವಾಗ
ಆಟಕ್ಕುಂಟು, ಲೆಕ್ಕಕ್ಕಿಲ್ಲ ಅನ್ನುತ್ತಿದ್ದೆವು.
ನಾನು ಅದರ ತಿರುಗುಮುರುಗು.
ಆದರೂ ಪುಸ್ತಕ ಬಿಚ್ಚಿ ಹೇಳಿಯೇಬಿಟ್ಟೆ:
ಮಂದಣ್ಣ, ಗಾಳಿ ಹೊಡೆದು ಔಟಾದವನ ಔಟು
ನಿಯಮದ ಪ್ರಕಾರ ಚೆಂಡು ಹಿಡಿದವನ ಹೆಸರಿಗೆ.
ನಿಮ್ಮ ಎಂಬತ್ತಮೂರರಲ್ಲಿ ಎಪ್ಪತ್ತೇಳು
ಚೌಡೇಶನ ಕಾಲಮ್ಮಿನಲ್ಲಿವೆ, ನನ್ನದೇ ಪೆನ್ಸಿಲ್ಲು.

ಸ್ವಲ್ಪ ಹೊತ್ತು ವಡೆ ಎಣ್ಣೆಗೆ ಬೀಳುವ ಸದ್ದು.
ಅದು ಬರೀ ಬರವಣಿಗೆಗೆ, ಅಂದರು ಮಂದಣ್ಣ.

ಗಡಿಯಾರ ಏಳಕ್ಕೆ ಹತ್ತಿರ. ಖಜಾಂಚಿ
ಬಿಲ್ಲಿನ ಹಿಂದೆ ಲೆಕ್ಕ ಹಾಕುತ್ತಿದ್ದರು.
ಹೆಸರಿನ ಮೇಲೆ 'ಅತ್ಯಮೂಲ್ಯ ಆಟಗಾರ' ಅಂತ ಹಾಕಬೇಕು,
ಅದರಲ್ಲೇ ಎರಡು ಒತ್ತು.
'ಬೆಲೆಬಾಳುವವ' ಅಂದರೆ? ಒಂದೂ ಇಲ್ಲ.
ಬೆಲೆಬಾಳೋದು ಚಿನ್ನ, ಸೈಟು, ಹಾಲು ಕರೆಯೋ ಎಮ್ಮೆ
ಅಂತ ಮಂದಣ್ಣ ಗೊಣಗಿದರು.
ಇರಲಿ ಬಿಡಿ, ಅಂದಳು ಫಿಲೋಮಿನಾ,
ಮಾತು ಚೆನ್ನಾಗಿದೆ, ಒಳಗೊಂದು ಬಾಳಿದೆ.

ಇನ್ನು ಹೆಸರು. ಖಜಾಂಚಿಯ ಪೆನ್ನು ಮೆಲ್ಲಗೆ ಇಳಿಯಿತು.
ಇಗ್ನೇಷಿಯಸ್, ಐದಕ್ಷರ, ಒಂದೊತ್ತು: ನೂರಹತ್ತು.
ತಿಪ್ಪೇಶ, ಎಪ್ಪತ್ತು.
ಚೌಡೇಶ.
ಪೆನ್ನು ನಿಂತಿತು. ಮೂರೇ ಅಕ್ಷರ. ಒತ್ತಿಲ್ಲ.
ಕೆಮ್ಮಿದರು. ಯೋಚನೆ ಮಾಡಿದರೆ, ಅಂದರು,
ಕೂತು ಕೂತು ಆ ಹುಡುಗನ ಮಂಡಿ...

ಫಿಲೋಮಿನಾ ನನ್ನ ಕಾಲು ತುಳಿದಳು, ನಗಬೇಡ ಅಂತ.
ಎರಡಕ್ಕೆ ಒಂದು. ನಾನೇ ಕಪ್ಪು ಚೀಲಕ್ಕೆ ಹಾಕಿ
ಹಸಿರು ಮೆಟ್ರೋ ಹಿಡಿದೆ, ಮೆಜೆಸ್ಟಿಕ್ಕಿನಿಂದ ಓಡಿದೆ.

ಸಾಬರು ಷಟರ್ ಅರ್ಧ ಇಳಿಸಿದ್ದರು.
ಕನ್ನಡಕ ಏರಿಸಿ, ಚೀಟಿ ಓದಿ, ಮೊದಲ 'ಚೌ' ಕೊರೆದರು.
ಬೆಳ್ಳಿಬಣ್ಣದ ಪುಡಿ ಊದಿ ಕೇಳಿದರು:
ಇವರು ಏನು ಮಾಡ್ತಾರಮ್ಮ?
ಹಿಡೀತಾರೆ.
ಏನನ್ನ?
ಮುಂದೆ ನಿಂತವರು ಹೊಡೆಯೋಕಾಗದೆ ಬಿಟ್ಟದ್ದನ್ನ.

ಹಾಂ, ಅಂದು 'ಡೇ'ಯ ದೀರ್ಘವನ್ನು
ಸ್ವಲ್ಪ ಉದ್ದಕ್ಕೇ ಎಳೆದರು.
ಅದಕ್ಕೆ ಬೇರೆ ದುಡ್ಡು ಕೇಳಲಿಲ್ಲ.