ನಾಲ್ಕನೇ ಜ್ವರ

ಮೇಲೂರಿನಾಚೆ, ದ್ರಾಕ್ಷಿ ಚಪ್ಪರಗಳ ಬೆನ್ನಿಗೆ
ಒಂದೂವರೆ ಎಕರೆ ಹಿಪ್ಪುನೇರಳೆ, ಒಂದು ಹುಳುಮನೆ.
ಪಿಳ್ಳವೆಂಕಟಮ್ಮ, ನಮೂನೆ ಸಂಖ್ಯೆ ನೂರ ಹದಿನೇಳು.
ಪ್ರಮಾಣಪತ್ರ: ಇಲ್ಲ.
ಆದ್ದರಿಂದ ಹೋಲಿಕೆಯ ಗುಂಪು.
ಅಂದರೆ, ಬೈಯಣ್ಣನ ಸರ್ಟಿಫಿಕೇಟಿನ ದ್ರಾಕ್ಷಿ
ಎಷ್ಟು ಸುಧಾರಿಸಿತೆಂದು ತಿಳಿಯಲು
ಪಕ್ಕದಲ್ಲಿ ನಿಲ್ಲಿಸಿದ ಅಳತೆಗೋಲು.

"ಕಳೆದ ಹನ್ನೆರಡು ತಿಂಗಳಲ್ಲಿ ಔಷಧಿ ಹೊಡೆದಿದ್ದೀರಾ?"
"ಹೊಡೆದ್ರೆ ಹುಳ ಉಳೀತದಾ?"
ಟ್ಯಾಬಿನಲ್ಲಿ ಎರಡೇ ಗುಂಡಿ.
'ಇಲ್ಲ' ಒತ್ತಿದೆ. ಮುಂದಿನ ಪ್ರಶ್ನೆ ತೆರೆಯಿತು:
ಇದನ್ನು ಯಾರಿಂದ ಕಲಿತಿರಿ?
ಅವಳು ತಟ್ಟೆಗಳತ್ತ ಕೈ ತೋರಿಸಿದಳು.
ಪಟ್ಟಿಯಲ್ಲಿ ಹುಳ ಇರಲಿಲ್ಲ.
'ಇತರೆ' ಎಂದು ಬರೆದೆ.

"ಗಾಳಿ ಆ ಕಡೆಯಿಂದ ಬೀಸಿದ್ರೆ
ಮೂರು ಸಾಲು ಸೊಪ್ಪು ನಾನು ಕುಯ್ಯಲ್ಲ,"
ಯಾರೂ ಕೇಳದೆ ಹೇಳಿದಳು.
"ನಾಕು ದಿನ ಬಿಟ್ಟು ಒಂದು ಹಿಡಿ ತಂದು
ಒಂದು ತಟ್ಟೆಗೆ ಹಾಕ್ತೀನಿ, ಪಕ್ಕದ್ದಕ್ಕೆ ಹಾಕಲ್ಲ.
ಹುಳ ಹೊರಳಾಡಿ ಬಾಯಲ್ಲಿ ನೀರು ಬಿಡ್ತೋ,
ಆ ಸೊಪ್ಪು ಹಸುಗೂ ಇಲ್ಲ."
ಗಾಳಿಗೆ ಕಾಲಂ ಇಲ್ಲ.
ಬೈಯಣ್ಣನ ದಾಖಲೆ ಪುಸ್ತಕದಲ್ಲಿ ಆ ದಿನ ಇದೆ:
ಔಷಧಿಯ ಹೆಸರು, ಪ್ರಮಾಣ, ಕಟಾವಿಗೆ ಉಳಿದ ದಿನ,
ದುಂಡು ಅಕ್ಷರ, ಮಗಳದ್ದಂತೆ.
ಅದೂ ಸುಳ್ಳಲ್ಲ.

ಒಂದು ಗಂಟೆ ಕೂತು ಮಾತಾಡಿದಳು, ಎರಡು ಸಲ ಕಾಫಿ.
"ಇಷ್ಟು ಹೊತ್ತು ಯಾರೂ ಕೊಟ್ಟಿಲ್ಲಮ್ಮ," ಎಂದೆ.
"ಇವತ್ತು ನಾಲ್ಕನೇ ಜ್ವರ," ನಕ್ಕಳು.
ತಟ್ಟೆ ತುಂಬ ತಲೆಯೆತ್ತಿ ನಿಂತ ನಿದ್ದೆ.
ಮೇವಿಲ್ಲ, ಸೊಪ್ಪು ಅಗಿಯುವ ಆ ಸಣ್ಣ ಸದ್ದೂ ಇಲ್ಲ.
"ನಾಳಿದ್ದು ಜ್ವರ ಏಳ್ತವೆ.
ಆಗ ಬಂದಿದ್ರೆ ನಿನ್ನ ಮುಖಾನೂ ನೋಡ್ತಿರ್ಲಿಲ್ಲ."

ಹಿಂದಿನ ಬೀದಿಯ ಬಾಗಿಲುಗಳು ನೆನಪಾದವು.
ಒಳಗೆ ಸೊಪ್ಪು ಹರಡುವ ಕೈಗಳು, ತಿರುಗದ ಬೆನ್ನು,
"ಆಮೇಲೆ ಬಾಮ್ಮ."
ನಾನು ತೊಂಬತ್ತೊಂಬತ್ತು ಹಾಕಿ ಮುಂದೆ ನಡೆದಿದ್ದೆ.
ತೊಂಬತ್ತೊಂಬತ್ತು ಅಂದರೆ
ಉತ್ತರಿಸಲು ಆಸಕ್ತಿ ಇಲ್ಲ.

ಹಾಗಾದರೆ ನಾನು ತುಂಬಿದ್ದೆಲ್ಲ ಜ್ವರದ ದಿನಗಳೇ?
ಬಿಡುವಿದ್ದವರ ಊರನ್ನೇ
ಊರು ಎಂದು ಕಳಿಸುತ್ತಿದ್ದೇನೆಯೇ,
ಹಾಳೆಗೆ ನೂರಿಪ್ಪತ್ತು ರೂಪಾಯಿಯಂತೆ?

ಶಿಡ್ಲಘಟ್ಟದ ಬಸ್ಸಿನಲ್ಲಿ ಮೇಲ್ವಿಚಾರಕರಿಗೆ ಫೋನ್ ಮಾಡಿದೆ.
"ಷರಾದಲ್ಲಿ ಹಾಕಿಬಿಡಿ," ಎಂದರು, ಊಟ ಮಾಡುತ್ತಿದ್ದರು.
ಷರಾಕ್ಕೆ ಇನ್ನೂರು ಅಕ್ಷರ.
ಗಾಳಿ, ಮೂರು ಸಾಲು, ಒಂದು ಹಿಡಿ ಸೊಪ್ಪು, ಎರಡು ತಟ್ಟೆ,
ಅಷ್ಟಕ್ಕೇ ಪೆಟ್ಟಿಗೆ ಕೆಂಪಾಯಿತು.
ಜ್ವರ ಹೊರಗೇ ಉಳಿಯಿತು.